ಮೆಗ್ನೀಸಿಯಂ: ದ್ರಾವಣವೋ, ಮುಲಾಮೋ?

ಮೆಗ್ನೀಸಿಯಂ ಕ್ಲೋರೈಡ್ ಹರಳುಗಳನ್ನು ಸಮ ಅಳತೆಯ ಬಿಸಿನೀರಿನಲ್ಲಿ ಕರಗಿಸಿದ ದ್ರಾವಣವು ಮೈಗೆ ಹಚ್ಚಿಕೊಳ್ಳಲು ಅಗ್ಗವೂ ಸುಲಭವೂ ಹೌದು; ಆದರೆ ಅದು ಗೀರಿದ ಚರ್ಮಕ್ಕೆ ಉರಿಯುತ್ತದೆ, ಮತ್ತು ಗಾಳಿಯ ತೇವವನ್ನು ಹೀರುವ ಗುಣದಿಂದಾಗಿ ಕಾರವಾರದ ಮಳೆಗಾಲದಲ್ಲಿ ಮೈಯೆಲ್ಲ ಅಂಟಂಟಾಗಿಸುತ್ತದೆ. ಅದೇ ದ್ರಾವಣವನ್ನು ತೆಂಗಿನೆಣ್ಣೆ, ಜೇನುಮೇಣಗಳೊಂದಿಗೆ ಕಡೆದ ಮುಲಾಮು ಒಡೆದ ಹಿಮ್ಮಡಿಗೆ ಹಿತ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲೇ ಕರಗುವುದರಿಂದ, ಶಿರಸಿಯ ಚಳಿಯಲ್ಲಿ ಗಟ್ಟಿಯಾಗಿ ನಿಲ್ಲುವ ಮುಲಾಮು, ಮೇಣ ಕಡಿಮೆಯಾದರೆ ಕರಾವಳಿಯ ಬೇಸಿಗೆಯಲ್ಲಿ ಸಡಿಲಗೊಂಡು ನೀರು ಬಿಡುತ್ತದೆ; ಸಂರಕ್ಷಕವಿಲ್ಲದಿದ್ದರೆ ಬೂಸ್ಟು ಹಿಡಿಯುವ ಸಾಧ್ಯತೆಯೂ ಇದೆ. (ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರಿನಲ್ಲಿಯೂ ಮೆಗ್ನೀಸಿಯಂ ಇದೆಯೆಂದು ಅದನ್ನೇ ನೇರವಾಗಿ ಹಚ್ಚಿಕೊಳ್ಳುವುದು ಬೇಡ.) ಒಣಚರ್ಮದವರು ಮುಲಾಮನ್ನು ಸ್ವಲ್ಪಸ್ವಲ್ಪವೇ ಮಾಡಿಕೊಳ್ಳಲಿ. ದೇಹದ ಕೊರತೆ ನೀಗಿಸುವ ಉದ್ದೇಶವಿದ್ದರೆ ಎರಡನ್ನೂ ನಂಬುವಂತಿಲ್ಲ, ಏಕೆಂದರೆ ಚರ್ಮದ ಮೂಲಕ ಸಾಕಷ್ಟು ಹೀರಿಕೆಯಾಗುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆಹಾರದಲ್ಲಾದರೋ, 100 ಗ್ರಾಂ ಗೋಡಂಬಿಯಲ್ಲಿಯೇ ಸುಮಾರು 290 ಮಿಲಿಗ್ರಾಂ ಮೆಗ್ನೀಸಿಯಂ ಇದೆ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಮೆಗ್ನೀಸಿಯಂ ಮಾತ್ರೆಗಳನ್ನು ಸೇವಿಸಬಾರದು.