ಎರಡು ವಿಮಾನಗಳ ನಡುವೆ ಒಂದು ಊರು: ಕೌಲಾಲಂಪುರವೋ, ಸಿಂಗಾಪುರವೋ?

ಶಿರಸಿ ಕಡೆಯವರಿಗೆ ಲೇಓವರ್, ಅಂದರೆ ಎರಡು ಪ್ರಯಾಣಗಳ ನಡುವಿನ ಬಿಡುವು, ಹೊಸದೇನಲ್ಲ. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುತ್ತೇವೆ. ನೆಂಟರ ಮನೆಯಲ್ಲಿ ಸ್ನಾನ, ತಿಂಡಿ. ಆಮೇಲೆ ಆಸ್ಪತ್ರೆಯೋ ಬ್ಯಾಂಕೋ ಒಂದು ಕೆಲಸ, ಚಿಕ್ಕಪೇಟೆಯಲ್ಲಿ ಒಂದು ಸುತ್ತು. ಕತ್ತಲಾದ ಮೇಲೆ ಮತ್ತೆ ಬಸ್ಸು. ಆ ಒಂದು ದಿನ ಚೆನ್ನಾಗಿ ಸಾಗುವುದು ಯಾಕೆ ಗೊತ್ತಾ? ಬ್ಯಾಗು ನೆಂಟರ ಮನೆಯಲ್ಲಿ ಇರುತ್ತದೆ, ನಾವು ಕೈ ಬೀಸಿಕೊಂಡು ಓಡಾಡುತ್ತೇವೆ.

ಈ ಸಣ್ಣ ವಿಷಯ ವಿಮಾನದಲ್ಲಿ ಹೋಗುವಾಗ ನನಗೆ ಹೊಳೆಯಲಿಲ್ಲ. ಅದಕ್ಕೇ ಮೊದಲ ಸಲ ಪೆಟ್ಟು ತಿಂದೆ.

ಮಗಳು ಮೆಲ್ಬೋರ್ನಿನಲ್ಲಿದ್ದಾಳೆ. ನಾನು, ನನ್ನ ಹೆಂಡತಿ ಎರಡು ಸಲ ಹೋಗಿ ಬಂದೆವು. 2024ರಲ್ಲಿ ಕೌಲಾಲಂಪುರದ ಮೇಲೆ, 2025ರಲ್ಲಿ ಸಿಂಗಾಪುರದ ಮೇಲೆ. ಎರಡೂ ಕಡೆ ನಡುವೆ ಸಿಕ್ಕ ಹೊತ್ತಿನಲ್ಲಿ ಊರು ನೋಡಲು ಹೊರಗೆ ಹೋದೆವು. ಕೌಲಾಲಂಪುರದಲ್ಲಿ ಹನ್ನೊಂದು ಗಂಟೆ ಇತ್ತು, ಸಿಂಗಾಪುರದಲ್ಲಿ ಏಳೇ ಗಂಟೆ. ಆದರೂ ಸಿಂಗಾಪುರದಲ್ಲೇ ನಾವು ಜಾಸ್ತಿ ನೋಡಿದೆವು, ಕಡಿಮೆ ದಣಿದೆವು. ಇನ್ನು ಮುಂದೆ ನನ್ನ ದಾರಿ ಸಿಂಗಾಪುರವೇ.

ಮೊದಲು ವೀಸಾ ವಿಷಯ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಬೇಡ ಎಂದಿದೆ. ಇದು ಅದರ ದೊಡ್ಡ ಅನುಕೂಲ. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು. ಆದರೆ ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಕೆನಡಾ, ಜಪಾನ್‌ನಂಥ ಕೆಲವು ದೇಶಗಳ ವೀಸಾ ಕೈಯಲ್ಲಿದ್ದು, ಮುಂದಿನ ವಿಮಾನದ ಟಿಕೆಟ್ ಖಚಿತವಾಗಿದ್ದರೆ 96 ಗಂಟೆಯ ತನಕ ವೀಸಾ ಇಲ್ಲದೆ ಒಳಗೆ ಬಿಡುತ್ತಾರೆ. ನಮ್ಮ ಬಳಿ ಆಸ್ಟ್ರೇಲಿಯಾ ವೀಸಾ ಇತ್ತು, ಹಾಗಾಗಿ ತೊಂದರೆ ಆಗಲಿಲ್ಲ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಬಿಡುವುದು, ಬಿಡದಿರುವುದು ಕೊನೆಗೂ ಅಲ್ಲಿನ ಅಧಿಕಾರಿಯ ಕೈಯಲ್ಲೇ ಇರುತ್ತದೆ.

ಎರಡೂ ದೇಶಗಳಿಗೆ ಇಳಿಯುವ ಮೊದಲಿನ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ (ನಾವು ಬರುವ ವಿವರ ತಿಳಿಸುವ ಫಾರಂ) ತುಂಬಬೇಕು. ಎರಡೂ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ.

ಈಗ ಪೆಟ್ಟು ತಿಂದ ಕಥೆ.

ಮೊದಲ ಸಲ ಟಿಕೆಟ್ ಹುಡುಕುವಾಗ ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಒಂದು, ಅಲ್ಲಿಂದ ಮೆಲ್ಬೋರ್ನಿಗೆ ಇನ್ನೊಂದು ಎಂದು ಬೇರೆ ಬೇರೆ ತೆಗೆದರೆ ಇಬ್ಬರಿಗೆ ಸೇರಿ ಒಂಬತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು. ಅಡಿಕೆ ಬೆಳೆಯುವ ಮನೆಯವರು ನಾವು. ಕೊಳೆ ರೋಗ ಬಂದ ವರ್ಷ ಒಂಬತ್ತು ಸಾವಿರ ಸಣ್ಣ ಮೊತ್ತವಲ್ಲ. ತೆಗೆದುಬಿಟ್ಟೆ.

ಬೆಂಗಳೂರಿನ ಕೌಂಟರಿನಲ್ಲಿ ಹುಡುಗಿ ಲಗೇಜಿಗೆ ಟ್ಯಾಗ್ ಹಾಕುತ್ತಾ, ‘ಸರ್, ನಿಮ್ಮ ಬ್ಯಾಗು ಕೌಲಾಲಂಪುರದ ತನಕ ಮಾತ್ರ ಹೋಗುತ್ತದೆ’ ಎಂದಳು. ಮುಂದಿನದಕ್ಕೆ? ‘ಅಲ್ಲಿ ನೀವೇ ತೆಗೆದುಕೊಂಡು ಮತ್ತೆ ಚೆಕ್ ಇನ್ ಮಾಡಬೇಕು.’ ಟಿಕೆಟ್ ಎರಡಾದರೆ ಪ್ರಯಾಣವೂ ಎರಡು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಎರಡನೆಯ ಕಂಪನಿಗೆ ಅದರ ಹೊಣೆ ಇಲ್ಲ, ಆ ಟಿಕೆಟ್ಟಿನ ದುಡ್ಡು ಹೋದಂತೆಯೇ. ಇದು ಆ ಕೌಂಟರಿನ ಮುಂದೆ ನಿಂತಾಗ ನನಗೆ ಅರ್ಥವಾಯಿತು. ವಿಮಾನದಲ್ಲಿ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಪೌಣೇ ಏಳಕ್ಕೆ ಇಳಿದೆವು. ಇಮಿಗ್ರೇಷನ್ (ಪಾಸ್‌ಪೋರ್ಟ್ ತಪಾಸಣೆ) ಸಾಲು ಮುಗಿಯುವಾಗ ಎಂಟು. ಬೆಲ್ಟಿನ ಹತ್ತಿರ ಬ್ಯಾಗು ಸಿಗುವಾಗ ಎಂಟೂ ಇಪ್ಪತ್ತು. ಎರಡು ದೊಡ್ಡ ಬ್ಯಾಗು. ಒಳಗೆ ಹಲಸಿನ ಹಪ್ಪಳ, ಒಣಗಿಸಿದ ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿಯ ಸೀಲ್ ಮಾಡಿದ ಬಾಟಲಿಗಳು. ಮಗಳು ಕೇಳಿದ್ದೇ ಅದು, ಬಿಟ್ಟು ಹೋಗುವುದು ಹೇಗೆ? ಅದನ್ನೆಲ್ಲ ತಳ್ಳಿಕೊಂಡು ಲಗೇಜ್ ಇಡುವ ಜಾಗ ಹುಡುಕಿದೆವು. ಒಂದೊಂದು ಬ್ಯಾಗಿಗೂ ಬೇರೆ ಬೇರೆ ದರ. ಅಲ್ಲೂ ಒಂದು ಸಾಲು. ಹೊರಗೆ ಬರುವಾಗ ಎರಡು ಗಂಟೆಯ ಮೇಲೆ ಹೋಗಿತ್ತು, ಊರಿನ ಒಂದು ಕಟ್ಟಡವೂ ಕಂಡಿರಲಿಲ್ಲ.

ಊರು ನೋಡಿ ನಿಲ್ದಾಣಕ್ಕೆ ವಾಪಸ್ ಬಂದಾಗ ಇದೇ ಪಾಠ ತಿರುಗಾಮುರುಗಾ. ಬ್ಯಾಗು ಬಿಡಿಸಿಕೊಳ್ಳುವುದು, ಚೆಕ್ ಇನ್ ಸಾಲು, ತೂಕ. ಬೆಂಗಳೂರಿನಲ್ಲಿ ಪಾಸಾದ ಬ್ಯಾಗು ಇಲ್ಲಿ ಒಂದೂವರೆ ಕೆಜಿ ಜಾಸ್ತಿ ಎಂದರು. ಎರಡನೆಯ ಟಿಕೆಟ್ಟಿನ ತೂಕದ ಮಿತಿಯೇ ಬೇರೆ ಇತ್ತು, ನಾನು ನೋಡಿರಲಿಲ್ಲ. ನೆಲದ ಮೇಲೆ ಬ್ಯಾಗು ಬಿಚ್ಚಿ ಕೂತೆವು. ಉಪ್ಪಿನಕಾಯಿ ಕೈಚೀಲಕ್ಕೆ ಹಾಕುವಂತಿಲ್ಲ, 100 ಮಿಲಿಗಿಂತ ಜಾಸ್ತಿ ದ್ರವ ಒಳಗೆ ಬಿಡುವುದಿಲ್ಲ. ಹಪ್ಪಳದ ಕಟ್ಟು ಕೈಚೀಲಕ್ಕೆ ಹೋಯಿತು. ಮೆಲ್ಬೋರ್ನಿನ ಚಳಿಗೆಂದು ಇಟ್ಟಿದ್ದ ಸ್ವೆಟರುಗಳನ್ನು ಇಬ್ಬರೂ ಅಲ್ಲೇ ಹಾಕಿಕೊಂಡೆವು. ಹೆಂಡತಿಯ ಕಣ್ಣಲ್ಲಿ ನೀರು. ‘ಒಂಬತ್ತು ಸಾವಿರಕ್ಕೆ ಇದೆಲ್ಲ ಬೇಕಿತ್ತಾ?’ ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಚೆಕ್ ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಲಗೇಜು ಮೊದಲೇ ಮುಂದೆ ಹೋಗಿದ್ದು, ಬೋರ್ಡಿಂಗ್ ಪಾಸ್ ಕೈಯಲ್ಲಿದ್ದರೆ ಸೀದಾ ಸೆಕ್ಯುರಿಟಿಗೆ ಹೋಗಬಹುದು. ಲಗೇಜು ಜೊತೆಗಿದ್ದರೆ ಕೌಂಟರಿನ ಮುಂದೆ ಮೊದಲು ನಿಲ್ಲಬೇಕು. ಅದಕ್ಕಾಗಿ ಊರಿನಿಂದ ಬೇಗ ಹೊರಡಬೇಕು. ಹನ್ನೊಂದು ಗಂಟೆ ಹಾಗೆಯೇ ಕರಗಿತು.

ಕೌಲಾಲಂಪುರದ ಊರೇ ಕೆಟ್ಟದು ಎಂದಲ್ಲ. ಅಲ್ಲಿ ನೋಡಿದ್ದು ಮನಸ್ಸಿನಲ್ಲಿ ಉಳಿದಿದೆ. ವಿಮಾನ ನಿಲ್ದಾಣದಿಂದ ಊರು ಸುಮಾರು 55 ಕಿಲೋಮೀಟರ್, ಅಂದರೆ ಶಿರಸಿಯಿಂದ ಘಟ್ಟ ಇಳಿದು ಕುಮಟಾ ಹತ್ತಿರ ಹೋದಷ್ಟು. ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆಯಲ್ಲಿ ಕೆಎಲ್ ಸೆಂಟ್ರಲ್ ಸ್ಟೇಷನ್ನಿಗೆ ಮುಟ್ಟಿಸುತ್ತದೆ. ಆಗ ಒಬ್ಬರಿಗೆ ಒಂದು ಕಡೆಗೆ 55 ರಿಂಗಿಟ್ ಇತ್ತು. ಇಬ್ಬರು ಹೋಗಿ ಬರಲು ನಾಲ್ಕು ಸಾವಿರ ರೂಪಾಯಿ ಆಸುಪಾಸು ಆಯಿತು. ಬಸ್ಸು ಅಗ್ಗ, ಆದರೆ ಟ್ರಾಫಿಕ್ ನಂಬಿ ವಿಮಾನ ಹಿಡಿಯುವ ಧೈರ್ಯ ನನಗಿಲ್ಲ.

ಸೆಂಟ್ರಲ್‌ನಿಂದ ಲೋಕಲ್ ರೈಲಿನಲ್ಲಿ ಬಾಟು ಗುಹೆಗೆ ಹೋದೆವು. ಒಂದು ರೈಲು ತಪ್ಪಿ ಅರ್ಧ ಗಂಟೆ ಕಾಯಬೇಕಾಯಿತು. ಮುಂದೆ ನಿಂತ ಚಿನ್ನದ ಬಣ್ಣದ ಮುರುಗನ್ ವಿಗ್ರಹ 140 ಅಡಿ. ನಮ್ಮ ಮುರ್ಡೇಶ್ವರದ ಶಿವ 123 ಅಡಿ. ಮಗ ಅಪ್ಪನಿಗಿಂತ ಎತ್ತರ! ಪಕ್ಕದಲ್ಲಿ 272 ಮೆಟ್ಟಿಲು, ಒಂದೊಂದಕ್ಕೂ ಬಣ್ಣ. ಹೆಂಡತಿಗೆ ಮಂಡಿನೋವು, ಅವಳು ಕೆಳಗೇ ಕೂತಳು. ನಾನು ಹತ್ತಿದೆ. ಮೇಲೆ ದೊಡ್ಡ ಗುಹೆ, ಮಾಡಿನ ಸಂದಿನಿಂದ ಬೆಳಕು ಬೀಳುತ್ತದೆ. ಯಾಣದ ಹಾಗೆ ಇದೂ ಸುಣ್ಣದ ಕಲ್ಲಿನದೇ. ಯಾಣದ ಬಂಡೆಯ ಕೆಳಗೆ ನಿಂತಾಗ ಆಗುವ ಒಂದು ತಣ್ಣನೆಯ ಭಕ್ತಿ ಇರುತ್ತದಲ್ಲ, ಅದೇ ಅಲ್ಲಿ ಮತ್ತೆ ಬಂತು. ಇನ್ನೂ ಸ್ವಲ್ಪ ಹೊತ್ತು ಸುಮ್ನೆ ಕೂತಿರಬೇಕು ಅನ್ನಿಸಿತು. ಕೂರಲು ಆಗಲಿಲ್ಲ, ಕೆಳಗೆ ಅವಳು ಗಡಿಯಾರ ನೋಡುತ್ತಿದ್ದಳು. ಬ್ಯಾಗಿನ ಚಿಂತೆ ಅಲ್ಲಿಗೂ ಬಂದಿತ್ತು.

ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಎಲೆ ಊಟ ಮಾಡಿದೆವು. ರುಚಿಯಾಗಿತ್ತು. 452 ಮೀಟರ್ ಎತ್ತರದ ಪೆಟ್ರೋನಾಸ್ ಅವಳಿ ಗೋಪುರ ನೋಡಲು ಹೊತ್ತೇ ಸಿಗಲಿಲ್ಲ. ಹನ್ನೊಂದು ಗಂಟೆಯಲ್ಲಿ ಊರಿಗೆಂದು ಸಿಕ್ಕಿದ್ದು ಎರಡು ಗಂಟೆ. ಉಳಿದದ್ದೆಲ್ಲ ಸಾಲು, ರೈಲು, ಬ್ಯಾಗು.

ಒಂಬತ್ತು ಸಾವಿರ ಉಳಿಸಿದ್ದರಲ್ಲಿ ರೈಲು, ಲಗೇಜ್ ಬಾಡಿಗೆ ಕಳೆದು ಕೈಯಲ್ಲಿ ನಿಂತದ್ದು ಸುಮಾರು ಮೂರು ಸಾವಿರ.

ಎರಡನೆಯ ಸಲ ಮಗಳಿಗೆ ಒಂದೇ ಮಾತು ಹೇಳಿದೆ: ಟಿಕೆಟ್ ಒಂದೇ ಇರಲಿ. ಬೆಂಗಳೂರಿನಲ್ಲಿ ಟ್ಯಾಗ್ ಮೇಲೆ ಮೆಲ್ಬೋರ್ನಿನ ಕೋಡ್ ಎಂಇಎಲ್ ಬಿದ್ದದ್ದನ್ನು ಕಣ್ಣಾರೆ ನೋಡಿ, ‘ಬ್ಯಾಗು ಅಲ್ಲೇ ಸಿಗುತ್ತಲ್ವಾ?’ ಎಂದು ಎರಡು ಸಲ ಕೇಳಿ ಮುಂದೆ ಹೋದೆ.

ಸಿಂಗಾಪುರದಲ್ಲಿ ಸಂಜೆ ಐದಕ್ಕೆ ಇಳಿದೆವು. ಮುಂದಿನ ವಿಮಾನ ನಡುರಾತ್ರಿ. ಇಮಿಗ್ರೇಷನ್‌ನಲ್ಲಿ ಈಗ ಯಂತ್ರದ ಗೇಟುಗಳು. ಪಾಸ್‌ಪೋರ್ಟ್ ಇಟ್ಟು, ಮುಖ ತೋರಿಸಿ ಇಪ್ಪತ್ತು ನಿಮಿಷದಲ್ಲಿ ಹೊರಗೆ. ಕೈಯಲ್ಲಿ ಒಂದು ನೀರಿನ ಬಾಟಲಿ, ಒಂದು ಸಣ್ಣ ಚೀಲ, ಅಷ್ಟೇ. ಆ ಹಗುರ ಎಷ್ಟು ಸುಖ ಕೊಟ್ಟಿತು ಎಂದರೆ, ಹೆಂಡತಿ ತಾನೇ ಮುಂದೆ ಮುಂದೆ ನಡೆಯತೊಡಗಿದಳು.

ಚಾಂಗಿ ನಿಲ್ದಾಣದಿಂದ ಊರಿನ ನಡುವಿಗೆ ಸುಮಾರು 20 ಕಿಲೋಮೀಟರ್. ಶಿರಸಿಯಿಂದ ಬನವಾಸಿಗೆ ಹೋದಷ್ಟೇ ದೂರ. ಮೆಟ್ರೋ ಟರ್ಮಿನಲ್ಲಿನ ಕೆಳಗೇ ಸಿಗುತ್ತದೆ. ಒಂದು ಸ್ಟೇಷನ್ ಹೋಗಿ ಎಕ್ಸ್‌ಪೋದಲ್ಲಿ ಇಳಿದು ಡೌನ್‌ಟೌನ್ ಲೈನ್ ಹತ್ತಿದರೆ ಸೀದಾ ಲಿಟಲ್ ಇಂಡಿಯಾ. ಟಿಕೆಟ್ ಬೇಡ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಬ್ಯಾಂಕ್ ಕಾರ್ಡನ್ನು ಗೇಟಿಗೆ ತಟ್ಟಿದರೆ ಸಾಕು. ಒಬ್ಬರಿಗೆ ಎರಡು ಸಿಂಗಾಪುರ ಡಾಲರ್ ಚಿಲ್ಲರೆ, ನಮ್ಮ ದುಡ್ಡಲ್ಲಿ ನೂರೈವತ್ತು ರೂಪಾಯಿ ಹತ್ತಿರ. ಒಂದು ಎಚ್ಚರಿಕೆ: ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ. ಊರಲ್ಲೇ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಂಡು ಹೋಗಿ. ಕೌಲಾಲಂಪುರದ ರೈಲಿಗೂ ಈ ಮೆಟ್ರೋಗೂ ಖರ್ಚಿನಲ್ಲಿ ಎಷ್ಟು ಅಂತರ ನೋಡಿ.

ಲಿಟಲ್ ಇಂಡಿಯಾದಲ್ಲಿ ಬೀದಿ ಬದಿ ಮಲ್ಲಿಗೆ ಮಾಲೆ. ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ್ ದೇವಸ್ಥಾನಕ್ಕೆ ಹೋದೆವು. ಮಾರಿಕಾಂಬೆಯ ಊರಿನವರು ಅಷ್ಟು ದೂರದಲ್ಲಿ ಅಮ್ಮನ ಮುಂದೆ ನಿಂತಾಗ ಏನಾಗಬೇಕೋ ಅದೇ ಆಯಿತು. ಹೆಂಡತಿ ಹತ್ತು ನಿಮಿಷ ಕಣ್ಣು ಮುಚ್ಚಿ ನಿಂತಿದ್ದಳು, ಯಾರೂ ಅವಸರ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅದೇ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಇದೆ, ಪೂರ್ತಿ ಸಸ್ಯಾಹಾರ. ದೋಸೆ, ಕಾಫಿ ಆಯಿತು. ನಮ್ಮಂಥ ಬೆಳ್ಳುಳ್ಳಿಗೂ ಯೋಚಿಸುವ ಮನೆಯವರಿಗೆ ಪರದೇಶದಲ್ಲಿ ಹುಡುಕದೆ ಊಟ ಸಿಗುವುದು ದೊಡ್ಡ ನೆಮ್ಮದಿ.

ಅದೇ ಮೆಟ್ರೋ ಲೈನಿನಲ್ಲಿ ವಾಪಸ್ ಬರುವಾಗ ಬೇಫ್ರಂಟ್‌ನಲ್ಲಿ ಇಳಿದರೆ ಗಾರ್ಡನ್ಸ್ ಬೈ ದ ಬೇ. ಅಲ್ಲಿನ ಕಬ್ಬಿಣದ ದೊಡ್ಡ ಮರಗಳಲ್ಲಿ ರಾತ್ರಿ 7:45ಕ್ಕೆ ಮತ್ತು 8:45ಕ್ಕೆ ಬೆಳಕಿನ ಆಟ, ನೋಡಲು ದುಡ್ಡಿಲ್ಲ. ನಾವು 8:45ರದ್ದು ನೋಡಿದೆವು. ನೆಲದ ಮೇಲೆ ಮಲಗಿ ನೋಡುವುದೇ ಅಲ್ಲಿನ ಪದ್ಧತಿ, ಮಂಡಿನೋವಿನವರಿಗೂ ಹಿತ. ಹತ್ತು ಗಂಟೆಗೆ ನಿಲ್ದಾಣದಲ್ಲಿದ್ದೆವು.

ನಿಲ್ದಾಣದ ಜ್ಯುವೆಲ್ ಎಂಬ ಮಾಲ್‌ನ ಒಳಗೆ 40 ಮೀಟರ್ ಜಲಪಾತ ಇದೆ, 2019ರಲ್ಲಿ ಶುರುವಾದದ್ದು. ಚೆನ್ನಾಗಿದೆ. ಆದರೆ 116 ಮೀಟರ್ ಎತ್ತರದಿಂದ ಅಘನಾಶಿನಿ ಧುಮುಕುವ ಉಂಚಳ್ಳಿಯನ್ನು ಮಳೆಗಾಲದಲ್ಲಿ ನೋಡಿದವರು ಇದಕ್ಕಾಗಿ ಊರು ನೋಡುವ ಹೊತ್ತು ಕಡಿಮೆ ಮಾಡಬೇಡಿ. ಇದು ಇಮಿಗ್ರೇಷನ್ ದಾಟಿದ ಹೊರಗಿನ ಭಾಗದಲ್ಲಿದೆ ಎಂಬುದೂ ನೆನಪಿರಲಿ.

ಮೆಲ್ಬೋರ್ನಿನಿಂದ ವಾಪಸ್ ಬರುವಾಗ ಚಾಂಗಿಯವರ ಉಚಿತ ಟೂರಿನಲ್ಲಿ ಹೋದೆವು. ಐದೂವರೆ ಗಂಟೆಯಿಂದ 24 ಗಂಟೆಯೊಳಗಿನ ಬಿಡುವು ಇದ್ದವರಿಗೆ ಬಸ್ಸಿನಲ್ಲಿ ಎರಡೂವರೆ ಗಂಟೆ ಊರು ತೋರಿಸುತ್ತಾರೆ. ದಾರಿ ಹುಡುಕುವ ಚಿಂತೆ ಇಲ್ಲ, ವಾಪಸ್ ಮುಟ್ಟಿಸುವುದೂ ಅವರೇ. ಮೊದಲ ಸಲ ವಿದೇಶಕ್ಕೆ ಹೋಗುವ ಹಿರಿಯರಿಗೆ ಒಳ್ಳೆಯದು. ನನಗೆ ಮೆಟ್ರೋ ಸುತ್ತಾಟವೇ ಹೆಚ್ಚು ಹಿಡಿಸಿತು, ದೇವಸ್ಥಾನದಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಗೈಡ್ ಹೇಳುವುದು ನನಗೆ ಒಗ್ಗುವುದಿಲ್ಲ.

ಸಿಂಗಾಪುರದ ತೊಂದರೆ ಒಂದೇ, ದುಡ್ಡು. ಟಿಕೆಟ್ಟೇ ಜಾಸ್ತಿ. ಆದರೆ ಆ ಜಾಸ್ತಿಯಲ್ಲಿ ಬ್ಯಾಗು ತಾನಾಗಿ ಮುಂದೆ ಹೋಗುವುದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಕಂಪನಿಯೇ ಬೇರೆ ವಿಮಾನಕ್ಕೆ ಹತ್ತಿಸುವುದು ಎರಡೂ ಸೇರಿವೆ. ಕಾಲೇಜು ಹುಡುಗರು ಬೆನ್ನಿಗೆ ಒಂದೇ ಚೀಲ ಹಾಕಿಕೊಂಡು ಹೊರಟರೆ, ಹತ್ತು ಗಂಟೆಯ ಮೇಲೆ ಬಿಡುವಿದ್ದರೆ ಕೌಲಾಲಂಪುರಕ್ಕೆ ಹೋಗಲಿ, ಬಾಟು ಗುಹೆ ತಪ್ಪಿಸಬಾರದು. ಅಲ್ಲೂ ಒಂದೇ ಟಿಕೆಟ್ ತೆಗೆದರೆ ನನ್ನ ಅರ್ಧ ದೂರು ಇರುವುದೇ ಇಲ್ಲ. ಬಿಡುವು ಆರು ಗಂಟೆಗಿಂತ ಕಡಿಮೆಯಾದರೆ ಎರಡೂ ಕಡೆ ನಿಮ್ಮಷ್ಟಕ್ಕೇ ಹೊರಗೆ ಹೋಗಬೇಡಿ, ಒಳಗೇ ಕೂರಿ.

ಉಪ್ಪಿನಕಾಯಿ ಎರಡೂ ಸಲ ಮಗಳ ಮನೆ ಸೇರಿತು. ಮೆಲ್ಬೋರ್ನಿನಲ್ಲಿ ತಿನ್ನುವ ಸಾಮಾನು ಇದೆ ಎಂದು ಕಾರ್ಡಿನಲ್ಲಿ ಬರೆದುಕೊಡಲೇಬೇಕು, ಬರೆದೆವು, ನೋಡಿ ಬಿಟ್ಟರು.

ಈ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ಹೊರಡುವುದು. ಸಂಜೆ ಸಿಂಗಾಪುರದಲ್ಲಿ ಇಳಿಯುವ ವಿಮಾನವನ್ನೇ ನೋಡಲು ಮಗಳಿಗೆ ಹೇಳಿದ್ದೇನೆ. ಅಲ್ಲಿನ ವೀರಮಾಕಾಳಿ ಅಮ್ಮನಿಗೆ ಕೊಡಲು ನಮ್ಮ ತೋಟದ ಎರಡು ಅಡಿಕೆ ಒಯ್ಯಬಹುದಾ ಎಂದು ಹೆಂಡತಿ ಕೇಳಿದಳು. ಬೇಡ, ಅಲ್ಲೇ ಬೀದಿಯಲ್ಲಿ ಮಲ್ಲಿಗೆ ಕೊಳ್ಳೋಣ ಎಂದಿದ್ದೇನೆ.