ಮಾಟುಂಗಾದ ಮಿಕ್ಸರ್ ಕಾಕಾ: ‘ಸುಟ್ಟಿತು’ ಎನ್ನುವ ಮುಂಚೆ ಇವರಿಗೆ ತೋರಿಸಿ

ಗೌರಿ ಹಬ್ಬದ ಹಿಂದಿನ ದಿನ ಇಲ್ಲಿ ಮುಂಬಯಿಯ ಮನೆಯಲ್ಲಿ ಹೂರಣ ಅರೆಯುತ್ತಿದ್ದೆ. ಎರಡನೇ ಸಲ ಜಾರ್ ತುಂಬಿಸಿ ಗುಂಡಿ ತಿರುಗಿಸಿದ್ದೇ ತಡ, ಮಿಕ್ಸರ್ ಗುರ್ರ್ ಎಂದು ಸುಮ್ಮನಾಯಿತು. “ಮೋಟರ್ ಸುಟ್ಟ್ ಹೋತ ನೋಡವಾ” ಅಂದರು ಅತ್ತೆ. ನಮ್ಮ ಧಾರವಾಡದ ಮನೆಯಲ್ಲಿ ಫ್ಯಾನ್ ನಿಂತರೂ, ಪಂಪು ನೀರು ಎತ್ತದಿದ್ದರೂ ಇದೇ ಮಾತು. ನಾನೂ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಹಾಗೇ ಹೇಳಿದೆ. ಅವರು ಮಿಕ್ಸರ್ ನೋಡದೆಯೇ, ಆರ್ಮೇಚರ್ (ಮೋಟರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಹೊಸದು ಹಾಕಬೇಕು, 1,850 ರೂಪಾಯಿ ಆಗುತ್ತದೆ ಅಂದರು.

ಇಲ್ಲಿನ ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಶನ್ನಿಗೆ ಹೋಗಿಬರುವವರೊಬ್ಬರು ಮಾಟುಂಗಾ ಪೂರ್ವದ ಈ ಅಂಗಡಿ ತೋರಿಸಿದರು. ಬೋರ್ಡಿಲ್ಲದ ಸಣ್ಣ ಮಳಿಗೆ. ಒಳಗೆ ಒಬ್ಬ ಮರಾಠಿ ಕಾಕಾ, ಜೊತೆಗೆ ಕಲಬುರಗಿ ಕಡೆಯ ಹುಡುಗ. ನಾನು ಮರಾಠಿಯಲ್ಲಿ “ಜಳಾಲಾ”, ಸುಟ್ಟಿತು ಎಂದೆ. ಕಾಕಾ ಮಿಕ್ಸರ್ ಮುಟ್ಟಲಿಲ್ಲ, “ವಾಸ್ ಆಲಾ ಕಾ?” ಎಂದು ಕೇಳಿದರು. ವಾಸನೆ ಬಂದಿರಲಿಲ್ಲ. “ಮಗ್ ಬಂದ್ ಪಡ್ಲಾ” ಅಂದರು. ಹುಡುಗ ನನಗೆ ಬಿಡಿಸಿ ಹೇಳಿದ: “ಸುಟ್ಟಿಲ್ರೀ ಅಕ್ಕಾರ, ನಿಂತೈತಿ ಅಷ್ಟ.” ತಳದ ಕೆಂಪು ಗುಂಡಿ ಒತ್ತಿದ, ಮಿಕ್ಸರ್ ಓಡಿತು! ಭಾರ ಹೆಚ್ಚಾದಾಗ ಮೋಟರ್ ಸುಡದಿರಲಿ ಎಂದೇ ಆ ಗುಂಡಿ ಕರೆಂಟ್ ಕಡಿಯುತ್ತದೆ. ಆರಿದ ಮೇಲೆ ಒತ್ತಿದರೆ ಸಾಕು. ಗಟ್ಟಿ ಹೂರಣಕ್ಕೆ ಆದದ್ದು ಅದೇ. ನಿಜವಾಗಿ ಸುಟ್ಟಿದ್ದರೆ ಮೋಟರಿನ ತಂತಿಯ ವಾರ್ನಿಶ್ ಕರಕಲಾದ ವಾಸನೆ ಅಡುಗೆಮನೆ ತುಂಬ ಇರುತ್ತಿತ್ತು.

ಗುಂಡಿ ಒತ್ತಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ತೆರೆದು ನೋಡಿದಾಗ ಒಳಗೆ ಕಿಡಿ ಹಾರುತ್ತಿತ್ತು. “ಕಾರ್ಬನ್ ಝಿಜ್ಲಾ” ಎಂದು ಕಾಕಾ ಬೆರಳಿನ ಮೇಲಿಟ್ಟು ತೋರಿಸಿದರು. ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಆ ಇದ್ದಿಲಿನ ತುಂಡು ಸವೆದು ಬಳಪದ ಚೂರಿನಷ್ಟಾಗಿತ್ತು. ಜೋಡಿ ಕಾರ್ಬನ್, ಕೂಲಿ ಸೇರಿ 160 ರೂಪಾಯಿ.

ಮನೆಗೆ ಬರುವಾಗ ತಲೆಯಲ್ಲಿ ಈ ಮಾತುಗಳೇ. ಇಲ್ಲಿ ಮರಾಠಿಯಲ್ಲಿ ಫ್ಯಾನ್ ‘ಬಿಘಡ್ತೋ’, ಅಂದರೆ ಕೆಡುತ್ತದೆ. ನಮ್ಮ ಕನ್ನಡ ಪೇಪರಿನಲ್ಲಿ ‘ಬಿಗಡಾಯಿಸು’ವುದು ಪರಿಸ್ಥಿತಿ, ಇಲ್ಲವೆ ಆರೋಗ್ಯ. ನಮ್ಮ ಬಿಲ್ಡಿಂಗ್ ಲಿಫ್ಟ್ ಕೆಟ್ಟಾಗ ‘ನಾದುರುಸ್ತ’ ಎಂಬ ಹಲಗೆ ತೂಗುತ್ತದೆ; ಪಾರಸಿಯ ‘ದುರುಸ್ತ್’ ಎಂದರೆ ಸರಿ, ನಾವು ‘ದುರಸ್ತಿ’ಯನ್ನು ಇಟ್ಟುಕೊಂಡು ‘ನಾ’ ಬಿಟ್ಟೆವು. ನಮ್ಮ ‘ಕೆಟ್ಟಿದೆ’ ಮಾತ್ರ ಹಾಲಿಗೂ ಆದೀತು, ಹೊಟ್ಟೆಗೂ, ಮಿಕ್ಸರಿಗೂ. ಬಾಯಿಗೆ ಸುಲಭ, ರಿಪೇರಿಯವನಿಗೆ ಉಪಯೋಗವಿಲ್ಲ. ನಿಂತಿತು, ಸವೆಯಿತು, ಸುಟ್ಟಿತು ಎಂಬ ಮೂರು ಮಾತು ನಮ್ಮಲ್ಲೂ ಇವೆ. ಬೇರೆ ಬೇರೆ ಮಾಡಿ ಆಡಿದ್ದರೆ ಆ ದಿನ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಕೊರತೆಗಳೂ ಇವೆ. ಮಧ್ಯಾಹ್ನ 1ರಿಂದ 4 ಬಾಗಿಲು ಹಾಕಿರುತ್ತದೆ. ಬಿಲ್ ಕೊಡುವುದಿಲ್ಲ. ಇಂಡಕ್ಷನ್ ಒಲೆ ಮುಟ್ಟುವುದಿಲ್ಲ. ಹಬ್ಬದ ಹೊತ್ತಿಗೆ ನಿಲ್ಲಲೂ ಜಾಗವಿರುವುದಿಲ್ಲ. ಆದರೂ ಮೋಟರ್ ವಿಷಯಕ್ಕೆ ನಾನು ಬೇರೆಲ್ಲೂ ಹೋಗುವುದಿಲ್ಲ.

ಹೋದ ವಾರ ಪಕ್ಕದ ಮನೆ ಕುಂದಾಪುರದ ಅಕ್ಕನ ಮಿಕ್ಸರಿನದು ಬೇರೆ ಕತೆ. ಈ ಸಲ ಕಾಕಾಗೆ ಫೋನಿನಲ್ಲಿ ‘ಕೆಟ್ಟಿದೆ’ ಎನ್ನಲಿಲ್ಲ. ಮೋಟರ್ ತಿರುಗುತ್ತದೆ, ಬ್ಲೇಡ್ ತಿರುಗುವುದಿಲ್ಲ, ವಾಸನೆಯಿಲ್ಲ ಎಂದೆ. ನಾವು ಹೋಗುವಷ್ಟರಲ್ಲಿ ಮೋಟರಿಗೂ ಜಾರಿನ ಬ್ಲೇಡಿಗೂ ಕೊಂಡಿಯಾಗುವ ಹೊಸ ಕಪ್ಲರ್ ಮೇಜಿನ ಮೇಲೆ ತೆಗೆದಿಟ್ಟಿದ್ದರು.