ಎನ್8, ಎನ್9, ಲೂಮಿಯಾ 800: ಒಂದೇ ಡ್ರಾಯರಿನ ಮೂರು ನೋಕಿಯಾಗಳು

2010ರ ಕೊನೆಯಿಂದ 2011ರ ಕೊನೆಯೊಳಗೆ ನೋಕಿಯಾ ಮೂರು ಫೋನು ಇಳಿಸಿತು, ಮೂರಕ್ಕೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂ. ಎನ್8ಗೆ ಸಿಂಬಿಯನ್, ಎನ್9ಗೆ ಮೀಗೋ, ಲೂಮಿಯಾ 800ಕ್ಕೆ ವಿಂಡೋಸ್ ಫೋನ್. 2012ರಲ್ಲಿ ಮೂರೂ ನನ್ನ ಹತ್ತಿರ ಸೇರಿದ್ದವು. ಹದಿನಾಲ್ಕು ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಮೊಬೈಲ್ ಮಾರಿದ ಕಂಪನಿಯನ್ನು ಸ್ಯಾಮ್‌ಸಂಗ್ ಹಿಂದಿಕ್ಕಿದ ವರ್ಷವೂ ಅದೇ. ತಲಾ ಒಂದೊಂದು ತಿಂಗಳು ಒಂದನ್ನೇ ಬಳಸುವುದು ಅಂತ ನಿರ್ಧರಿಸಿದೆ. ಎನ್8ಗೆ ದೊಡ್ಡ ಸಿಮ್ಮು, ಮಿಕ್ಕೆರಡಕ್ಕೆ ಮೈಕ್ರೋ ಸಿಮ್ಮು. ಹಾಗಾಗಿ ಅಡಾಪ್ಟರ್ ಒಂದು ಸದಾ ಜೇಬಿನಲ್ಲಿರುತ್ತಿತ್ತು.

ಎನ್8 ಹಿಡಿದ ಮೊದಲ ವಾರ ನನಗನಿಸಿದ್ದು, ಈ ಫೋನಿಗೆ ಬಾರದ ಕೆಲಸವೇ ಇಲ್ಲ. ಪುಟ್ಟ ಕೇಬಲ್ ಚುಚ್ಚಿ ಪೆನ್ ಡ್ರೈವ್ ಸಿಕ್ಕಿಸಿದರೆ ಅದರಲ್ಲಿರುವ ಫೈಲುಗಳು ಫೋನಿನಲ್ಲೇ ತೆರೆಯುತ್ತವೆ. ಎಚ್‌ಡಿಎಂಐ ಕಿಂಡಿಯಿಂದ ನೇರ ಟಿವಿಗೆ ಹೋಗಬಹುದು. ಎಫ್‌ಎಂ ಕೇಳಿಸುವುದು ಮಾತ್ರವಲ್ಲ, ಫೋನಿನ ಹಾಡನ್ನು ಪಕ್ಕದ ರೇಡಿಯೋಗೆ ಬಿತ್ತರಿಸುತ್ತದೆ ಕೂಡ. 12 ಮೆಗಾಪಿಕ್ಸೆಲ್ ಕ್ಯಾಮೆರಾ, ಅದಕ್ಕೆ ದೊಡ್ಡ ಸೆನ್ಸರ್, ಜೊತೆಗೆ ಕ್ಸೆನಾನ್ ಫ್ಲ್ಯಾಶ್. ಚಿತ್ರದ ಮಟ್ಟಿಗೆ ಹೇಳುವುದಾದರೆ ಮಿಕ್ಕೆರಡರ 8 ಮೆಗಾಪಿಕ್ಸೆಲ್ ಕ್ಯಾಮೆರಾಗಳು ಇದರ ಮುಂದೆ ಸಪ್ಪೆ.

ಎರಡನೇ ವಾರಕ್ಕೆ ಬೆರಳು ಗೊಣಗತೊಡಗಿತು. ಬೇಕಾದದ್ದೆಲ್ಲ ಒಳಗಿದೆ, ಆದರೆ ಮೆನುವಿನೊಳಗೆ ಮೆನು, ಅದರೊಳಗೆ 'ಆಪ್ಷನ್ಸ್'. ಫೋನನ್ನು ನೆಟ್ಟಗೆ ಹಿಡಿದು ಟೈಪ್ ಮಾಡಲು ಹೊರಟರೆ, ಮಾರುಕಟ್ಟೆಗೆ ಬಂದಾಗ ಇದ್ದ ಆವೃತ್ತಿಯಲ್ಲಿ ಎದುರಾಗುತ್ತಿದ್ದದ್ದು ಹಳೆಯ ಅಂಕಿ ಗುಂಡಿಗಳ ಕೀಪ್ಯಾಡು! ಪೂರ್ತಿ ಕೀಲಿಮಣೆ ಬಂದದ್ದು 2011ರ 'ಆನಾ' ಅಪ್‌ಡೇಟಿನಲ್ಲಿ.

ಇದಕ್ಕೆ ಸೋಮಾರಿತನ ಕಾರಣ ಅಂತ ನನಗನ್ನಿಸುವುದಿಲ್ಲ. ಸಿಂಬಿಯನ್ನಿನ ಬೇರು ಸಯಾನ್ ಕಂಪನಿಯ ಕೈಗಂಪ್ಯೂಟರುಗಳಲ್ಲಿದೆ. 1998ರಲ್ಲಿ ಸಯಾನ್, ನೋಕಿಯಾ, ಎರಿಕ್‌ಸನ್, ಮೊಟೊರೊಲಾ ಸೇರಿ ಸಿಂಬಿಯನ್ ಕಂಪನಿ ಕಟ್ಟಿದಾಗ ಮೆಮೊರಿ ಅಂದರೆ ಬಂಗಾರ. ಒಂದೊಂದು ಬೈಟನ್ನೂ ಎಣಿಸಿ ಖರ್ಚು ಮಾಡುವ ಹಾಗೆ ಆ ವ್ಯವಸ್ಥೆಯನ್ನು ನೇಯ್ದರು. ಪ್ರೋಗ್ರಾಂ ಬರೆಯುವವರಿಗೆ ಸಿ++ ಭಾಷೆ ಬಂದರೆ ಸಾಲದು, ಸಿಂಬಿಯನ್ನಿನದೇ ಮಡಿ-ಮೈಲಿಗೆಗಳೂ ಗೊತ್ತಿರಬೇಕು: ಒಂದು ಅಕ್ಷರಮಾಲೆ ಇಟ್ಟುಕೊಳ್ಳಲು 'ಡಿಸ್ಕ್ರಿಪ್ಟರ್', ಮೆಮೊರಿ ಸೋರದಂತೆ 'ಕ್ಲೀನಪ್ ಸ್ಟ್ಯಾಕ್', ತಪ್ಪಾದರೆ ಸಿ++ನ ಮಾಮೂಲಿ 'ಎಕ್ಸೆಪ್ಷನ್' ಬದಲು 'ಲೀವ್'. ಎನ್8ಗೆ 256 ಎಂಬಿ ರ‍್ಯಾಮ್ ಸಾಕಾದದ್ದು ಈ ಜಿಪುಣತನದಿಂದಲೇ. ಬೇರೆಯವರು ಅದಕ್ಕೆ ಆಪ್ ಬರೆಯಲು ಹಿಂಜರಿದದ್ದೂ ಇದರಿಂದಲೇ.

ಎನ್9 ಕೈಗೆ ಬಂದಾಗ ಮೊದಲು ಹುಡುಕಿದ್ದು ಗುಂಡಿ. ಎದುರುಗಡೆ ಒಂದೂ ಇಲ್ಲ. ಪರದೆಯ ಅಂಚಿನಿಂದ ಬೆರಳನ್ನು ಒಳಗೆ ಎಳೆದರೆ ಆಪ್ ಸರಿದು ಹೋಗುತ್ತದೆ, ಅಷ್ಟೇ. ಪಕ್ಕಪಕ್ಕದಲ್ಲಿ ಮೂರು ಅಂಗಳ: ಒಂದರಲ್ಲಿ ಬಂದ ಸುದ್ದಿಗಳು, ಒಂದರಲ್ಲಿ ಆಪ್‌ಗಳು, ಇನ್ನೊಂದರಲ್ಲಿ ತೆರೆದಿಟ್ಟಿರುವ ಕೆಲಸಗಳು. ಮಲಗಿದ್ದ ಪರದೆಯನ್ನು ಎರಡು ಸಲ ತಟ್ಟಿದರೆ ಏಳುತ್ತದೆ. ಕಲಿಯಲು ಹತ್ತು ನಿಮಿಷ ಹಿಡಿಯಿತು, ಮರೆಯಲು ಇವತ್ತಿಗೂ ಆಗಿಲ್ಲ. ಆ ತಿಂಗಳು ಮುಗಿದ ಮೇಲೂ ಬೇರೆ ಫೋನುಗಳ ಅಂಚನ್ನು ಸವರುತ್ತಲೇ ಇದ್ದೆ. ಈಗ ಎಲ್ಲ ಫೋನೂ ಅಂಚು ಸವರಿದರೆ ಓಗೊಡುತ್ತವಲ್ಲ, ಆಗೆಲ್ಲ ಎನ್9 ನೆನಪಾಗುತ್ತದೆ.

ಲೂಮಿಯಾ 800 ಎತ್ತಿಕೊಂಡರೆ, ಅರೆ, ಇದೂ ಎನ್9 ಅಲ್ಲವೇ? ಅದೇ ಪಾಲಿಕಾರ್ಬನೇಟ್ ಮೈ, ಅದೇ ದುಂಡನೆಯ ಅಂಚು, ಉಬ್ಬಿದ ಗಾಜು. ವಿಂಡೋಸ್ ಫೋನಿಗೆ ಪರದೆಯ ಕೆಳಗೆ ಮೂರು ಗುಂಡಿ ಬೇಕೇ ಬೇಕು, ಹಾಗಾಗಿ 3.9 ಇಂಚಿನ ಪರದೆ ಇಲ್ಲಿ 3.7 ಇಂಚಿಗೆ ಇಳಿದಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ತಂತ್ರಾಂಶಕ್ಕೆ ಜಾಗ ಬಿಡಲು ಯಂತ್ರಾಂಶ ಹಿಂದೆ ಸರಿದದ್ದು ಕಣ್ಣಿಗೆ ರಾಚುತ್ತದೆ.

ಬಳಸಲು ಹಗುರ, ನಿಜ. ಟೈಲ್‌ಗಳು ಚಂದ, ಅಕ್ಷರಗಳು ಇನ್ನೂ ಚಂದ. ತಂತ್ರಜ್ಞಾನದ ಗೋಜೇ ಬೇಡ ಅನ್ನುವವರಿಗೆ ಮೂರರಲ್ಲಿ ಇದನ್ನೇ ಕೊಡುತ್ತಿದ್ದೆ. ಆದರೆ ಎನ್8ರಿಂದ ಬಂದವನಿಗೆ ಇದು ಬಾಡಿಗೆ ಮನೆ, ಮೊಳೆ ಹೊಡೆಯಲೂ ಮಾಲೀಕನನ್ನು ಕೇಳಬೇಕು. ಫೈಲ್ ಮ್ಯಾನೇಜರ್ ಇಲ್ಲ, ಬ್ಲೂಟೂತಿನಲ್ಲಿ ಒಂದು ಚಿತ್ರ ಕಳಿಸುವಂತಿಲ್ಲ, ಹಾಡು ತುಂಬಲು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ 'ಝೂನ್' (Zune) ತಂತ್ರಾಂಶ ಬೇಕು. ಸಾಲದ್ದಕ್ಕೆ 2012ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಹೊಸ ವಿಂಡೋಸ್ ಫೋನ್ 8 ಘೋಷಿಸಿತು, ಹಳೆಯ ಫೋನುಗಳಿಗೆ ಅದು ಸಿಗುವುದಿಲ್ಲ ಎಂದೂ ಹೇಳಿತು. ಲೂಮಿಯಾ 800ಕ್ಕೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಸಿಂಬಿಯನ್ ಹಳತಾಗಿತ್ತು, ಅದಕ್ಕೇ ನೋಕಿಯಾ ಬಿತ್ತು ಅನ್ನುವುದು ವಾಡಿಕೆಯ ಮಾತು. ಮೂರನ್ನೂ ಬಳಸಿದ ಮೇಲೆ ನನಗೆ ಅದು ಅರ್ಧ ಸತ್ಯ ಅನಿಸಿದೆ. 2008ರಲ್ಲೇ ನೋಕಿಯಾ ಟ್ರಾಲ್‌ಟೆಕ್ ಕಂಪನಿಯನ್ನು ಕೊಂಡು ಆಪ್ ಬರೆಯಲು ನೆರವಾಗುವ ಅದರ 'ಕ್ಯೂಟಿ' (Qt) ಸಲಕರಣೆಯನ್ನು ತನ್ನದಾಗಿಸಿಕೊಂಡಿತ್ತು. ಕ್ಯೂಟಿಯಲ್ಲಿ ಬರೆದ ಆಪನ್ನು ಹೆಚ್ಚು ತಿದ್ದದೆ ಎನ್8ಗೂ ಎನ್9ಗೂ ಹೊಂದಿಸಬಹುದಿತ್ತು. ಹಳೆಯ ಮನೆಯಿಂದ ಹೊಸ ಮನೆಗೆ ಸಾಮಾನು ಸಾಗಿಸುವ ಸೇತುವೆ ಅದು. 2011ರ ಫೆಬ್ರವರಿಯಲ್ಲಿ ಮುಖ್ಯಸ್ಥ ಸ್ಟೀಫನ್ ಎಲಾಪ್, ಉರಿಯುತ್ತಿರುವ ತೈಲ ವೇದಿಕೆಯಿಂದ ಸಮುದ್ರಕ್ಕೆ ಹಾರಿದವನ ಕಥೆ ಹೇಳಿ ಸಿಬ್ಬಂದಿಗೆ ಬರೆದ ಟಿಪ್ಪಣಿ ಸೋರಿಕೆಯಾಯಿತು. ಅದೇ ತಿಂಗಳ 11ರಂದು ವಿಂಡೋಸ್ ಫೋನೇ ಮುಂದಿನ ದಾರಿ ಎಂದು ಘೋಷಣೆಯೂ ಆಯಿತು. ವಿಂಡೋಸ್ ಫೋನ್ 7ರಲ್ಲಿ ಕ್ಯೂಟಿಗೆ ಜಾಗವಿರಲಿಲ್ಲ. ಎನ್9 ಜಗತ್ತಿಗೆ ಮುಖ ತೋರಿಸಿದ್ದು ಅದೇ ವರ್ಷದ ಜೂನ್‌ನಲ್ಲಿ, ತನಗೆ ಭವಿಷ್ಯವಿಲ್ಲವೆಂದು ತೀರ್ಮಾನವಾದ ನಾಲ್ಕು ತಿಂಗಳ ಮೇಲೆ. ಎನ್9 ಒಂದೇ ಕಂಪನಿಯನ್ನು ಉಳಿಸುತ್ತಿತ್ತು ಅಂತ ನಾನು ವಾದಿಸುವುದಿಲ್ಲ. ಐಫೋನ್ ಬಂದು ಆಗಲೇ ನಾಲ್ಕು ವರ್ಷ, ಆಂಡ್ರಾಯ್ಡ್ ಎಲ್ಲೆಡೆ ಹಬ್ಬಿತ್ತು. ಆದರೆ ನಡೆದು ಹೋಗಬಹುದಾದ ದಾರಿ ಇದ್ದದ್ದು ಎನ್8ರಿಂದ ಎನ್9ಕ್ಕೆ. ಲೂಮಿಯಾಗೆ ಹೋಗಬೇಕೆಂದರೆ ಹಾರಬೇಕಿತ್ತು, ಬಳಕೆದಾರರೂ ಹಾರಬೇಕಿತ್ತು. ಬಹಳಷ್ಟು ಜನ ಹಾರಿದರು, ಇಳಿದದ್ದು ಮಾತ್ರ ಬೇರೆಯವರ ಅಂಗಳದಲ್ಲಿ.

ಮಿಕ್ಕ ಕಥೆ ಗೊತ್ತಿರುವುದೇ. ಫೋನು ವಿಭಾಗ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟಿನ ಕೈಸೇರಿತು. ಮರುವರ್ಷವೇ ಅದಕ್ಕಾಗಿ 760 ಕೋಟಿ ಡಾಲರ್ ನಷ್ಟವನ್ನು ಲೆಕ್ಕಪುಸ್ತಕದಲ್ಲಿ ಬರೆದುಕೊಂಡರು.

ಬಳಸಿದ ಖುಷಿಗೆ ಎನ್9, ಕೆಲಸಕ್ಕೆ ಎನ್8. ಲೂಮಿಯಾ ನೋಡಲು. ಡ್ರಾಯರಿನಿಂದ ಈಗಲೂ ಆಗಾಗ ಹೊರಬರುವುದು ಎನ್8 ಒಂದೇ. ಅಲಾರಂ ಇಟ್ಟು ಫೋನನ್ನು ಆಫ್ ಮಾಡಿದರೂ, ಹೇಳಿದ ಹೊತ್ತಿಗೆ ತಾನೇ ಎದ್ದು ಬಡಿದುಕೊಳ್ಳುತ್ತದೆ.